ಪಕ್ಕದ ತಾರಸಿಯ ಶೇಂಗಾ

ಪಿ.ಜೆ. ಬಡಾವಣೆಯ ನಮ್ಮ ಪಕ್ಕದ ಮನೆಯಾಕೆ ತಾರಸಿ ಮೇಲೆ ಹಳೇ ಬಕೆಟ್‌ಗಳಲ್ಲಿ ಶೇಂಗಾ ಬೆಳೆಯುತ್ತಿದ್ದರು. ಹೂ ಬಾಡಿದ ಮೇಲೆ ಬುಡಕ್ಕೆ ಮಣ್ಣೇರಿಸಿ, ಅಂಗೈಯಿಂದ ಎರಡು ಸಲ ತಟ್ಟುವರು. ಅವರೇ ಕೊಟ್ಟ ಬೀಜ ಹಾಕಿದರೂ ನನ್ನ ಕುಂಡದಲ್ಲಿ ಬರೀ ಎಲೆ. ಕೇಳಿದಾಗಲೆಲ್ಲ, “ಕೆದಕಬ್ಯಾಡ್ರಿ, ಮಣ್ಣಾಗ ಐತೆ” ಎನ್ನುವರು. ನಾನು ದಿನಾ ಕೆದಕುತ್ತಿದ್ದೆ.

ಒಮ್ಮೆ ಗಿಡಗಳಿಗೆ ನೀರು ಹಾಕಲು ನನಗೆ ಹೇಳಿ ಹರಿಹರದ ಮಗಳ ಮನೆಗೆ ಹೋದರು. ಹೊಟ್ಟೆಕಿಚ್ಚು ತಾಳದೆ ಅವರದೊಂದು ಗಿಡ ಕಿತ್ತು ನೋಡಿದೆ. ಬುಡದ ತುಂಬ ಎಳೆಕಾಯಿ! ಗಾಬರಿಯಾಗಿ ಮತ್ತೆ ಹೂತೆ. ಅವರು ಬರುವಷ್ಟರಲ್ಲಿ ಅದು ಬಾಡಿತ್ತು.

ಸಂಜೆ ಬಟ್ಟಲು ಹಿಡಿದು ಬಂದರು. “ನೀವು ಕಿತ್ತ ಗಿಡದ್ದು. ಕುದಿಸೀನಿ, ತಿನ್ರಿ” ಎಂದು ನಕ್ಕರು.

ಕಾಯಿ ಸಿಹಿಯಾಗಿದ್ದವು. ಅದನ್ನಾದರೂ ಸಹಿಸಿಕೊಂಡೆ. ಹೋಗುವಾಗ ನನ್ನ ಭುಜವನ್ನು ಎರಡು ಸಲ ತಟ್ಟಿದರಲ್ಲ, ಅದನ್ನು ಇವತ್ತಿಗೂ ಸಹಿಸಲಾಗಿಲ್ಲ.