ಮುಖ ಕಾಯುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಕನಸಿನಲ್ಲಿ ಮುಖಗಳು ಬರುತ್ತವೆ. ಹೆಸರಿಲ್ಲ, ಮಾತಿಲ್ಲ, ತನ್ನ ಫೋಟೊ ಸ್ಟುಡಿಯೋದ ಸ್ಟೂಲಿನ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಕೂತು, ಗಲ್ಲ ಎತ್ತಿ, ಎದ್ದು ಹೋಗುತ್ತಾರಂತೆ. ಬಂದವರಿಗೆಲ್ಲ "ಗಲ್ಲ ಸ್ವಲ್ಪ ಮೇಲೆ" ಎಂದು ಹೇಳಿ ಹೇಳಿ ಬೀದಿಯವರ ಬಾಯಲ್ಲಿ ಆಕೆ ಗಲ್ಲದಮ್ಮನೇ ಆಗಿಬಿಟ್ಟಿದ್ದಾಳೆ. ಕನಸಿಗೆ ಹೆಚ್ಚಾಗಿ ಬರುವವರು ಅಳಿಸಿದ ಫೋಟೊದವರಂತೆ. ನಾನು ನಗುತ್ತೇನೆ. ಆಕೆಯ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಅಳಿಸಿದ್ದು ಅಳಿಸಿಹೋಯಿತು ಎಂದು ನಂಬಿದವಳು.

ಸ್ಟುಡಿಯೋ ಎಂದರೆ ಒಂದೇ ಉದ್ದನೆಯ ಕೋಣೆ. ಹಿಂದಿನ ಗೋಡೆಗೆ ಬಣ್ಣದ ಪರದೆ: ಅದರಲ್ಲೊಂದು ಕೆರೆ, ಕೆರೆಗೆ ಇಳಿಯುವ ಮೆಟ್ಟಿಲು, ಯಾವತ್ತೂ ಮುಳುಗದ ಸೂರ್ಯ. ಮಧ್ಯಾಹ್ನದ ಬಿಸಿಲು ಬಾಗಿಲ ಬಟ್ಟೆ ದಾಟಿ ನೆಲದ ಮೇಲೆ ನಿಧಾನವಾಗಿ ಸರಿಯುತ್ತ ಕೆರೆಯ ದಡದವರೆಗೂ ಹೋಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕೂತರೆ ಯಾರಿಗಾದರೂ ತೂಕಡಿಕೆ ಬರುತ್ತದೆ. ಬೀದಿಗೆ ಕಾಣುವ ಗಾಜಿನ ಕಪಾಟಿನಲ್ಲಿ ಮಾತ್ರ ಒಂದು ಫೋಟೊವೂ ಇಲ್ಲ. ಬಹಳ ಹಿಂದೆ ಒಬ್ಬ ಹುಡುಗಿಯ ಫೋಟೊ ಚೆನ್ನಾಗಿ ಬಂದಿದೆ ಎಂದು ದೊಡ್ಡಮ್ಮ ಅವಳನ್ನು ಕೇಳದೆಯೇ ಅಲ್ಲಿ ಹಾಕಿದ್ದಳಂತೆ. ಹೋಗುವವರು ಬರುವವರು ನೋಡಿದರು, ಏನೇನೋ ಆಡಿಕೊಂಡರು. ಆ ಹುಡುಗಿ ಈ ಬೀದಿಗೆ ಕಾಲಿಡುವುದನ್ನೇ ಬಿಟ್ಟಳು. ಅದನ್ನು ಹೇಳುವಾಗ ದೊಡ್ಡಮ್ಮ ಇವತ್ತಿಗೂ ತಲೆ ತಗ್ಗಿಸುತ್ತಾಳೆ.

ಗ್ರಾಹಕರ ಮಾಹಿತಿಯನ್ನು ಹೇಗೆ ಕಾಪಾಡುತ್ತೀರಿ ಎಂದು ಸ್ಟುಡಿಯೋದವರೂ ಬರೆದು ತೂಗುಹಾಕಬೇಕು ಎಂಬ ನಿಯಮ ಬಂದಾಗ ಉಳಿದವರೆಲ್ಲ ಗೊಣಗಿದರು, ಈಕೆ ಖುಷಿಪಟ್ಟಳು. ನಾನು ಎಲ್ಲೆಲ್ಲೋ ಹುಡುಕಿ ಆರು ಪುಟದ ಗೌಪ್ಯತಾ ನೀತಿ ತಂದುಕೊಟ್ಟೆ. ಎರಡು ಸಾಲು ಓದಿ, ಇದನ್ನು ಓದಿದವರು ಆಮೇಲೆ ಫೋಟೊದಲ್ಲಿ ನಗುವುದುಂಟೇ ಎಂದು ಪಕ್ಕಕ್ಕಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಆಕೆಯೇ ಹೇಳಿ ಬರೆಸಿದ್ದು ಒಂದು ಚೀಟಿಯಷ್ಟು: ನಿಮ್ಮ ಮುಖ ನಿಮ್ಮದು. ಮೂವತ್ತು ದಿನ ಇಟ್ಟುಕೊಂಡು ಅಳಿಸುತ್ತೇವೆ, ಹೆಚ್ಚು ದಿನ ಬೇಕಿದ್ದರೆ ಬರೆಯಿರಿ. ನೀವು ಬರೆದವರಿಗಲ್ಲದೆ ಬೇರೆಯವರಿಗೆ ತೋರಿಸುವುದಿಲ್ಲ; ನೀವು ಬಂದಿದ್ದಿರಿ ಎಂದೂ ಹೇಳುವುದಿಲ್ಲ. ಕೆಳಗೆ ತುಂಬಲು ಎರಡು ಸಾಲು: ಯಾರಿಗೆ ತೋರಿಸಬಹುದು, ಎಷ್ಟು ದಿನ ಇಡಬೇಕು. ಈ ಚೀಟಿ ತುಂಬಿದ ಮೇಲೆಯೇ ಸ್ಟೂಲು.

ಒಂದು ಮಧ್ಯಾಹ್ನ ಎದುರು ಸಾಲಿನ ಗಡಿಯಾರ ರಿಪೇರಿಯವರು ಒಳಗೆ ಬಂದರು. ಅವರ ಮಗಳು ಜಗಳವಾಡಿ ಮನೆ ಬಿಟ್ಟು ಎರಡು ವರ್ಷ, ಎಲ್ಲಿದ್ದಾಳೋ ಗೊತ್ತಿಲ್ಲ. ಹೋದ ತಿಂಗಳು ಅವಳು ಈ ಸ್ಟುಡಿಯೋದ ಮೆಟ್ಟಿಲಿಳಿಯುವುದನ್ನು ಯಾರೋ ನೋಡಿದರಂತೆ. ವಿಳಾಸ ಬೇಡ, ನಂಬರ್ ಬೇಡ, ಈಗ ಹೇಗಿದ್ದಾಳೆ ಎಂದು ಒಂದೇ ಒಂದು ಸಲ ಫೋಟೊ ನೋಡಿದರೆ ಸಾಕು ಎಂದರು.

ಆ ಫೋಟೊ ನನ್ನ ಕೈಯಳತೆಯಲ್ಲೇ ಇತ್ತು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಕೊಂಚ ಮೈಕೈ ತುಂಬಿಕೊಂಡಿದ್ದಳು, ಚೆನ್ನಾಗಿದ್ದಳು. ಚೀಟಿಯಲ್ಲಿ, ಯಾರಿಗೆ ತೋರಿಸಬಹುದು ಎಂಬಲ್ಲಿ, 'ಯಾರಿಗೂ ಬೇಡ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಅಂದಿಗೆ ಮೂವತ್ತನೆಯ ದಿನ.

"ಬಂದಿದ್ಲು ಅಂತಾಗ್ಲಿ, ಬಂದಿಲ್ಲ ಅಂತಾಗ್ಲಿ ನಾನು ಹೇಳೋದಿಲ್ಲಪ್ಪ," ಎಂದಳು ದೊಡ್ಡಮ್ಮ. "ಯಾರ ವಿಷಯಾನೂ ಹೇಳೋದಿಲ್ಲ."

"ನಲವತ್ತು ವರ್ಷದ ಪರಿಚಯ ಇಷ್ಟೇನಾ, ಅಕ್ಕ?"

ಅವರು ಸಿಟ್ಟಿನಿಂದ ಬಾಗಿಲವರೆಗೆ ಹೋದರು, ಹೊರಗೆ ಕಾಲಿಡಲಾಗದೆ ತಿರುಗಿ ಬಂದು ಕೆರೆಯ ಪರದೆಯ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತರು. ಗಂಟೆ ಮೂರಾಯಿತು. ಅದು ದಿನವೂ ಅಳಿಸುವ ಹೊತ್ತು. ದೊಡ್ಡಮ್ಮ ನನ್ನ ಪಕ್ಕಕ್ಕೆ ಬಂದು ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ಇನ್ನೊಂದು ದಿನ ಇರಲಿ ಎಂದು ಆಕೆಯ ಕಿವಿಯಲ್ಲಿ ಬೇಡಿಕೊಂಡೆ. ಆಕೆ ಆ ಮುಖವನ್ನು ಬಹಳ ಹೊತ್ತು ನೋಡಿದಳು, ಅವಳ ಅಪ್ಪನ ಪಾಲಿನದನ್ನೂ ತಾನೇ ನೋಡಿ ಮುಗಿಸುವ ಹಾಗೆ. ಆಮೇಲೆ ಅಳಿಸಿದಳು. ಐದು ಹೆಜ್ಜೆ ದೂರದಲ್ಲಿ ಕೂತಿದ್ದ ಅಪ್ಪನಿಗೆ ಅದು ತಿಳಿಯಲಿಲ್ಲ. ಆ ಕ್ಷಣ ದೊಡ್ಡಮ್ಮನ ಮೇಲೆ ಬಂದಷ್ಟು ಸಿಟ್ಟು ನನಗೆ ಇನ್ಯಾವತ್ತೂ ಬಂದಿಲ್ಲ.

ಬಿಸಿಲು ಅಷ್ಟರಲ್ಲಿ ಅವರ ಮೊಣಕಾಲಿನವರೆಗೆ ಬಂದಿತ್ತು. ದೊಡ್ಡಮ್ಮ ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿಕೊಂಡಳು.

"ಹೇಗೂ ಕೂತಿದ್ದೀಯ, ನಿಂದೊಂದು ತೆಗೀತೀನಿ. ಚೀಟಿ ತುಂಬು."

ಈ ವಯಸ್ಸಿನಲ್ಲಿ ತನಗೇಕೆ ಫೋಟೊ ಎಂದರು. ಚೀಟಿ ಕೈಗೆ ಬಂದ ಮೇಲೆ ಅದನ್ನು ಎರಡು ಸಲ ಓದಿದರು. ಗಡಿಯಾರದ ಮುಳ್ಳು ಜೋಡಿಸುವ ಬೆರಳುಗಳು ಒಂದೊಂದೇ ಅಕ್ಷರ ಕೂರಿಸುತ್ತ ಬರೆದವು. ಫೋಟೊ ತೆಗೆದಾಯಿತು. ಅವರು ಹೋದ ಮೇಲೆ ನಾನು ಚೀಟಿ ಎತ್ತಿಕೊಂಡು ಓದಿದೆ.

ಯಾರಿಗೆ ತೋರಿಸಬಹುದು: ನನ್ನ ಮಗಳಿಗೆ.

ಎಷ್ಟು ದಿನ ಇಡಬೇಕು: ಅವಳು ಕೇಳುವವರೆಗೆ.