ಅವಳು ಇಳಿಯುವ ಸ್ಟೇಷನ್

ನನ್ನ ಹೆಂಡತಿಗೆ ಶಿವಮೊಗ್ಗದಲ್ಲೇ ಕೆಲಸ ಸಿಕ್ಕಿತು ಫ್ರೆಂಡ್ಸ್, ದಿವ್ಯಾ ಬರುತ್ತಿದ್ದಾಳೆ!

ಮದುವೆಯಾದಾಗಿನಿಂದ ಅವಳು ಮೈಸೂರಿನಲ್ಲಿ ನರ್ಸ್, ನಾನು ಇಲ್ಲಿ ವಿನೋಬನಗರದ ಬಾಡಿಗೆ ರೂಮಿನಲ್ಲಿ. ಫೋನ್ ಹಿಡಿದುಕೊಂಡೇ ನಿದ್ದೆ ಹೋಗುವ ಸಂಸಾರ ನಮ್ಮದು...

ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಬಜೆಟ್ ದುಡ್ಡಿನಲ್ಲಿ ಹೊಸ ಬ್ಲಾಕ್ ಕಟ್ಟಿದರು, ಹೊಸ ಪೋಸ್ಟ್ ಬಂತು. ಬಜೆಟ್ ಸುದ್ದಿ ಬಂದರೆ ಚಾನೆಲ್ ಬದಲಿಸುತ್ತಿದ್ದವನು ನಾನು. ಈಗ ಆ ಕಟ್ಟಡದ ಮುಂದೆ ನನ್ನ ಬೈಕ್ ತಾನಾಗಿಯೇ ಸ್ಲೋ ಆಗುತ್ತದೆ.

ದಿವ್ಯಾಳದು ಒಂದೇ ಆಸೆ. ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ, ತಾನು ಬೆಳೆದ ಬೀದಿಯಲ್ಲೇ ಸಂಸಾರ ಹೂಡಬೇಕು. ಅಲ್ಲೊಂದು ಮನೆ ಸಿಗುತ್ತದೆಯೇ ಎಂದು ಕೇಳಲು ಭಾನುವಾರ ಅಲ್ಲೇ ಇರುವ ಮಾವನ ಮನೆಗೆ ಹೋದೆ.

ಊಟ ಮುಗಿಸಿ ಮಾವ ಶೂ ಹಾಕಿಕೊಂಡರು. ಶಿಫ್ಟ್ ಟೈಮ್ ಆಯ್ತು, ಬನ್ನಿ ಎಂದರು.

ಫ್ಯಾಕ್ಟರಿ ನಿಂತು ವರ್ಷಗಳಾಗಿವೆ. ಆದರೂ ಎರಡನೇ ಶಿಫ್ಟಿನ ಹೊತ್ತಿಗೆ ರಿಟೈರ್ ಆದವರೆಲ್ಲ ಗೇಟಿನ ಮುಂದೆ ಸೇರುತ್ತಾರೆ. ಟೀ ಕುಡಿಯುತ್ತಾರೆ, ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ, ಮನೆಗೆ ಹೋಗುತ್ತಾರೆ. ಅಷ್ಟೇ.

ದಾರಿಯುದ್ದಕ್ಕೂ ಬೀಗ ಹಾಕಿದ ಮನೆಗಳು. ಒಂದೊಂದರಲ್ಲೂ ಯಾರಿದ್ದರು ಎಂದು ಮಾವ ಹೇಳುತ್ತಲೇ ನಡೆದರು.

ಗೇಟಿನಲ್ಲಿ ಅವರ ಗೆಳೆಯ ಸೆಲ್ವಂ ಅಂಕಲ್ ನನ್ನನ್ನು ಬಿಡಲಿಲ್ಲ. "ಏನಪ್ಪಾ ಸ್ಮಾರ್ಟ್ ಸಿಟಿ ಅಳಿಯ, ನಿಮ್ಮೂರ ಫುಟ್‌ಪಾತ್ ಬಿಟ್ಟು ಇಲ್ಲಿಗ್ಯಾಕೆ ಬಂದೆ? ಒಂದು ಕಾಲದಲ್ಲಿ ನಿಮ್ಮೂರೋರೇ ಕೆಲಸ ಕೇಳ್ಕೊಂಡು ಈ ಗೇಟಿಗೆ ಬರ್ತಿದ್ರು."

ಎಲ್ಲರೂ ನಕ್ಕರು. ನಾನೂ ನಕ್ಕು, ಮೆಲ್ಲಗೆ ಮನೆ ವಿಷಯ ತೆಗೆದೆ.

ಮಾವ ಗೇಟನ್ನೇ ನೋಡುತ್ತಿದ್ದರು. "ಆವಾಗ ಸರ್ಕಾರ ಇಲ್ಲಿ ದುಡ್ಡು ಹಾಕ್ತು, ಊರಾಯ್ತು. ಈಗ ಅಲ್ಲಿ ಹಾಕ್ತಿದೆ, ನೀವು ಅಲ್ಲೇ ಇರಿ. ಈ ಬೀದಿ ಅವಳ ನೆನಪಲ್ಲಿ ಹೇಗಿದೆಯೋ ಹಾಗೇ ಇರ್ಲಿ."

ಸಂಜೆ ಫೋನಿನಲ್ಲಿ ಹೇಳಿದಾಗ ದಿವ್ಯಾ, ಬೀದಿಯ ಫೋಟೋ ತೆಗೆದೆಯಾ ಎಂದಳು. ತೆಗೆದಿರಲಿಲ್ಲ... ಮನಸ್ಸಾಗಿರಲಿಲ್ಲ.

ಕೊನೆಗೆ ಎರಡೂ ಊರಿನ ನಡುವಿನ ಮಲವಗೊಪ್ಪದಲ್ಲಿ ಮನೆ ಹಿಡಿದೆ. ಎದುರಿಗೇ ಅಗಲ ಮಾಡಿದ ರಸ್ತೆ. ಬಾಗಿಲಲ್ಲಿ ನಿಂತರೆ ಅವಳ ಆಸ್ಪತ್ರೆ ಕಡೆಯ ಬಸ್ಸೂ ಕಾಣುತ್ತದೆ, ಅಪ್ಪನ ಮನೆ ಕಡೆಯ ಬಸ್ಸೂ ಕಾಣುತ್ತದೆ.

ಹಾಲು ಉಕ್ಕಿಸಲು ಗಾಂಧಿ ಬಜಾರಿನಿಂದ ಪುಟ್ಟ ಪಾತ್ರೆ ತಂದಿದ್ದೇನೆ. ದಿನಾ ಸುಮ್ಮನೆ ಒಮ್ಮೆ ತೊಳೆದಿಡುತ್ತೇನೆ!

ಹೂ ಹಿಡಿದು ಶಿವಮೊಗ್ಗ ಸ್ಟೇಷನ್ನಿಗೆ ಬರುತ್ತೇನೆ ಎಂದರೆ ಬೇಡ ಎನ್ನುತ್ತಾಳೆ. ಮೊದಲು ಅಪ್ಪನ ಜೊತೆ ಗೇಟಿನವರೆಗೆ ನಡೆಯಬೇಕಂತೆ, ಶಿಫ್ಟ್ ಟೈಮಿಗೆ.

ಹಾಗಾಗಿ ಹೂವಿನ ಸಮೇತ ನಾನು ಭದ್ರಾವತಿ ಸ್ಟೇಷನ್ನಿನಲ್ಲೇ ಕಾಯುತ್ತೇನೆ... ಶನಿವಾರ, ಮೈಸೂರು–ತಾಳಗುಪ್ಪ ಟ್ರೇನ್.