ಸುಳಿ ಹಿಡಿದಿಟ್ಟ ತೆಂಗಿನಕಾಯಿ

ನಾನು ಚಿಕ್ಕವಳಿದ್ದಾಗ, ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ, ಅಪ್ಪ, ಅಕ್ಕ ಮತ್ತು ನಾನು ಮೂರು ತೆಂಗಿನಕಾಯಿ ಹಿಡಿದು ಕೆರೆಗೆ ಹೋದೆವು. ಕೆರೆ ತುಂಬಿ ಕೋಡಿಯ ಕಲ್ಲುಗಳ ಮೇಲೆ ಹರಿಯುತ್ತಿತ್ತು. ತಾತ ನೆಟ್ಟಿದ್ದ ಮರಕ್ಕೆ ಆ ವರ್ಷ ಸಿಡಿಲು ಬಡಿದಿತ್ತು. ಅದರದೆಂದು ಉಳಿದಿದ್ದು ಈ ಮೂರೇ ಬಲಿತ ಕಾಯಿ.

ನೀರಿನಲ್ಲಿ ನೆಟ್ಟಗೆ ನಿಂತು ತೇಲುವ ಕಾಯಿಯನ್ನೇ ಅಪ್ಪ ಸಸಿ ಮಾಡಲು ಆರಿಸುತ್ತಿದ್ದ. ಎರಡು ಕಾಯಿ ಸೋಮಾರಿಗಳ ಹಾಗೆ ಮಗ್ಗುಲಾಗಿ ಮಲಗಿಬಿಟ್ಟವು. ಮೂರನೆಯದು ತೊಟ್ಟು ಮೇಲೆ ಮಾಡಿ ನಿಂತಿತು. ಅಪ್ಪನ ಮುಖ ಅರಳಿತು. ಅದನ್ನು ಎತ್ತಿಟ್ಟುಕೋ ಎಂದು ನನಗೆ ಹೇಳಿ, ಕೋಡಿಯ ಕೆಳಗೆ ಕಟ್ಟಿದ್ದ ಎಮ್ಮೆ ಬಿಚ್ಚಲು ಹೋದ.

ನಾನು ಎತ್ತಲಿಲ್ಲ. ಅದು ಕುಣಿಯುವುದನ್ನು ನೋಡುವ ಆಸೆಗೆ ಬೆರಳಲ್ಲಿ ತಳ್ಳಿದೆ. ನೋಡನೋಡುತ್ತ ಕಾಯಿ ಕೈಗೆ ಸಿಗದಷ್ಟು ದೂರ ಹೋಯಿತು. ಅಲೆಯೇ ಅದನ್ನು ದಡಕ್ಕೆ ತರಲೆಂದು ಅದರ ಆಚೆಗೆ ಕಲ್ಲೆಸೆದೆ. ಸಂಜೆ ಬಿಸಿಲಿನ ಬಣ್ಣದ ಬಳೆಗಳು ಒಂದರ ಹಿಂದೊಂದು ಹರಡಿ ಬಂದು ನನ್ನ ಪಾದ ತಣ್ಣಗೆ ಮುಟ್ಟಿದವು. ಕಾಯಿ ಮಾತ್ರ ಏರಿ ಇಳಿದು, ಏರಿ ಇಳಿದು, ಇದ್ದಲ್ಲೇ ಇತ್ತು.

"ಅಲೆ ಬತ್ತೈತೆ ಅಷ್ಟೇ, ನೀರು ಬರಲ್ಲ ಕಣೇ," ಎಂದಳು ಅಕ್ಕ.

ಅಷ್ಟರಲ್ಲಿ ಕೋಡಿಯ ಸೆಳೆತ ಕಾಯಿಯನ್ನು ಮೆಲ್ಲಗೆ ಎಳೆದುಕೊಂಡಿತು. ಕಲ್ಲು ದಾಟಿ ಅದು ಕೆಳಗೆ ಬಿತ್ತು. ತಾತನ ಮರವನ್ನು ನಾನೇ ಕಳೆದುಬಿಟ್ಟೆ ಎಂದು ಅಳುತ್ತ ಓಡಿದೆ.

ಕೆಳಗೆ ನೀರು ನೊರೆಯೆದ್ದು, ಮಣ್ಣಿನ ವಾಸನೆ ಬೀರುತ್ತ ದಿಕ್ಕೆಟ್ಟು ಸುತ್ತುತ್ತಿತ್ತು. ಕಾಯಿ ಅದರಲ್ಲಿ ಮುಳುಗಿತು, ಎದ್ದಿತು, ತಿರುಗಿ ಮತ್ತೆ ಅಲ್ಲಿಗೇ ಬಂತು. ಅಪ್ಪ ಬೈಯಲಿಲ್ಲ.

"ಅಳಬ್ಯಾಡ ಕಣವ್ವ. ಸುಳಿ ಹಿಡ್ಕಂಡೈತೆ, ಅಷ್ಟು ಸುಲಭಕ್ಕೆ ಬುಡಲ್ಲ," ಎಂದು ಒಣಗಿದ ತೆಂಗಿನ ಗರಿಯೊಂದನ್ನು ಚಾಚಿ, ಕಾಯಿಯನ್ನು ನಿಧಾನವಾಗಿ ದಡಕ್ಕೆ ಎಳೆದುಕೊಂಡ. ಆ ಒದ್ದೆ ಕಾಯಿಯನ್ನು ಮನೆಯವರೆಗೂ ನಾನು ಎದೆಗವಚಿಕೊಂಡೇ ನಡೆದೆ.

ಮಕ್ಕಳೇ, ಪಟ್ಟಣದಲ್ಲಿ ಬೆಳೆಯುವ ನಿಮಗೆ ಕೆರೆಯೆಂದರೆ ಬಸ್ಸಿನ ಕಿಟಕಿಯಲ್ಲಿ ಮಿಂಚಿ ಮರೆಯಾಗುವ ನೀರು. ನೀವು ಅಲೆ ಎಬ್ಬಿಸುವುದು ಬಚ್ಚಲ ತೊಟ್ಟಿಯಲ್ಲಿ. ಮೊನ್ನೆ ಪ್ಲಾಸ್ಟಿಕ್ ಬಾತುಕೋಳಿಯನ್ನು ಹತ್ತಿರ ಕರೆಸಿಕೊಳ್ಳಲು ನೀರು ಬಡಿಯುತ್ತಿದ್ದಿರಿ. ಅದು ತಲೆಯಾಡಿಸುತ್ತ ಅಲ್ಲೇ ಇತ್ತು. ನನಗೆ ನಗು ಬಂತು.

ಆ ಕಾಯಿಯೇ ಈಗ ನಮ್ಮ ಹಿತ್ತಲ ಮರ. ಅದರ ಮೊದಲ ಹೊಂಬಾಳೆ ಒಡೆಯುವ ಹೊತ್ತಿಗೆ ಅಪ್ಪ ಇರಲಿಲ್ಲ. ರಜೆಗೆ ಬಂದಾಗಲೆಲ್ಲ ನೀವು ಕುಡಿಯುವುದು ಅದರ ಎಳನೀರನ್ನೇ.